ಒಂದು ಬಾಟಲಿಗೆ ಒಂದು ಮೊಳ ಗೋಡೆ

ಗೋಡೆ ಬಿದ್ದಿದ್ದು ರಾತ್ರಿ ಹೊತ್ತು. ಅಕ್ಟೋಬರ್ ಕೊನೇ ವಾರ, ದ್ರಾಕ್ಷಿ ಕೊಯ್ಲು ಮುಗಿಯೋಕೆ ಇನ್ನೆರಡೇ ದಿನ ಬಾಕಿ, ಮಳೆ ಮಾತ್ರ ಮೂರು ದಿನದಿಂದ ಬಿಟ್ಟಿರ್ಲಿಲ್ಲ. ಬೆಳಿಗ್ಗೆ ಹತ್ತಿ ಹೋಗಿ ನೋಡಿದ್ರೆ ಬೆಟ್ಟದ ಮೆಟ್ಟಿಲು ತೋಟದಲ್ಲಿ ಏಳನೇ ಮೆಟ್ಟಿಲ ಗೋಡೆ ಆರು ಮೀಟರ್ ಉದ್ದಕ್ಕೆ ಬಾಯಿ ತೆರ್ಕೊಂಡಿದೆ, ಕಲ್ಲೆಲ್ಲ ಕೆಳಗಿನ ಮೆಟ್ಟಿಲ ಮೇಲೆ ರಾಶಿ ಬಿದ್ದಿದೆ, ಅಂಚಲ್ಲಿದ್ದ ಮೂರು ಬಳ್ಳಿ ಬೇರು ಬಿಟ್ಕೊಂಡು ಗಾಳೀಲಿ ನೇತಾಡ್ತಿವೆ, ಗೊಂಚಲು ಇನ್ನೂ ಅದರಲ್ಲೇ ಇವೆ. ಯಾರೂ ಮಾತಾಡ್ಲಿಲ್ಲ. ತೋಟದ ಯಜಮಾನರು ಮೊದಲು ಮಾಡಿದ ಕೆಲಸ ಅಂದ್ರೆ ನೇತಾಡ್ತಿದ್ದ ಆ ಗೊಂಚಲುಗಳನ್ನ ಒಂದೊಂದಾಗಿ ಕತ್ತರಿಸಿ ಕ್ರೇಟಿಗೆ ಹಾಕಿದ್ದು.

ಇದು ಇಟಲಿಯ ಉತ್ತರ ತುದೀಲಿರೋ ವಾಲ್ತೆಲ್ಲಿನಾ ಕಣಿವೆಯಲ್ಲಿ ನಡೆದಿದ್ದು. ಲೊಂಬಾರ್ದಿಯಾ ಪ್ರಾಂತ್ಯ, ಸೊಂದ್ರಿಯೊ ಜಿಲ್ಲೆ, ಬೆಟ್ಟ ದಾಟಿದ್ರೆ ಸ್ವಿಟ್ಜರ್ಲೆಂಡ್. ನಾನು ಕೆಲಸದ ಮೇಲೆ ಮಿಲಾನಲ್ಲಿದ್ದಾಗ ಜೊತೇಲಿ ಕೆಲಸ ಮಾಡ್ತಿದ್ದ ಗೆಳೆಯನ ಅಪ್ಪನ ತೋಟ ಅದು, ಬರೀ ಅರ್ಧ ಎಕರೆ, ತೆಲಿಯೊ ಊರಿನ ಕೆಳಗಿನ ಇಳಿಜಾರಲ್ಲಿ. ಅವರ ಹೆಸರು ಬರೆಯಲ್ಲ, ಅವರಿಗೆ ಅದು ಇಷ್ಟ ಆಗಲ್ಲ. ಆದ್ರೆ ಆ ಆರು ಮೀಟರ್ ಗೋಡೆಗೆ ಮುಂದೆ ಏನಾಯ್ತು, ಅವರ ಮುಂದೆ ಯಾವ್ಯಾವ ದಾರಿ ಇತ್ತು, ಯಾಕೆ ಅದನ್ನೇ ಆರಿಸ್ಕೊಂಡ್ರು ಅನ್ನೋದನ್ನ ಪೂರ್ತಿಯಾಗಿ ಬರೀಬೇಕು ಅನ್ನಿಸ್ತು. ಆ ಕಣಿವೆಯ ಕೆಂಪು ವೈನ್ ನನಗೆ ಅರ್ಥ ಆಗಿದ್ದೇ ಆ ಗೋಡೆಯಿಂದ.

ಜಾಗದ ಬಗ್ಗೆ ಮೊದಲು ಹೇಳ್ತೀನಿ. ಮಿಲಾನಿಂದ ರೈಲು ಹತ್ತಿದ್ರೆ ಲೆಕ್ಕೊ ದಾಟಿ ಕೋಮೊ ಸರೋವರದ ಅಂಚಲ್ಲೇ ಹೋಗಿ ಕೋಲಿಕೊ ಆದ್ಮೇಲೆ ಪೂರ್ವಕ್ಕೆ ತಿರುಗುತ್ತೆ, ಅಲ್ಲಿಂದ ಎಡಗಡೆ ಕಿಟಕಿ ಹಿಡ್ಕೊಂಡು ಕೂತ್ರೆ ಸೊಂದ್ರಿಯೊ ಹತ್ರ ಬರ್ತಿದ್ದ ಹಾಗೆ ಬೆಟ್ಟಕ್ಕೆ ಬೆಟ್ಟಾನೇ ಗೆರೆ ಗೆರೆಯಾಗಿ ಕಾಣೋಕೆ ಶುರುವಾಗುತ್ತೆ, ಆ ಗೆರೆ ಒಂದೊಂದೂ ಒಂದೊಂದು ಗೋಡೆ. ಅದ್ದಾ ನದಿ ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತೆ, ಹಾಗಾಗಿ ಕಣಿವೆಯ ಉತ್ತರದ ಇಳಿಜಾರು ಪೂರ್ತಿ ದಕ್ಷಿಣಕ್ಕೆ ಮುಖ ಮಾಡಿದೆ, ದಿನವಿಡೀ ಬಿಸಿಲು. ಬೆನ್ನಿಗೆ ರೇತಿಕೆ ಬೆಟ್ಟಸಾಲು ಉತ್ತರದ ಚಳಿಗಾಳಿ ತಡೆಯುತ್ತೆ, ಎದುರಿಗೆ ಒರೋಬಿಯೆ ಬೆಟ್ಟಸಾಲು ಬಯಲುಸೀಮೆಯ ತೇವ ತಡೆಯುತ್ತೆ, ಮಧ್ಯಾಹ್ನ ಆದ್ರೆ ಸರೋವರದ ಕಡೆಯಿಂದ ಬ್ರೇವಾ ಅನ್ನೋ ಗಾಳಿ ಬಂದು ಗೊಂಚಲು ಒಣಗಿಸಿ ಹೋಗುತ್ತೆ. ಆಲ್ಪ್ಸ್ ಅಂದ್ರೆ ನಮ್ಮ ಕಣ್ಣಿಗೆ ಬರೋದು ಹಿಮ, ಆದ್ರೆ ಇಲ್ಲಿ ಬಂಡೆ ಸಂದೀಲಿ ಪಾಪಸ್ ಕಳ್ಳಿ ಬೆಳೆಯುತ್ತೆ. ನಮ್ಮ ಚಿತ್ರದುರ್ಗದ ಕಡೆ ಬೇಲೀಲಿ ನೋಡಿದ್ದ ಗಿಡದ ಸಂಬಂಧೀನ ಹಿಮದ ಬೆಟ್ಟದ ಕೆಳಗೆ ನೋಡಿ ನಾನು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ದ್ರಾಕ್ಷಿ ಸುಮಾರು 300 ಮೀಟರಿಂದ 700 ಮೀಟರ್ ಎತ್ತರದ ತನಕ, ಕೆಲವು ಕಡೆ ಅದಕ್ಕೂ ಮೇಲೆ. ತಳಿ ನೆಬ್ಬಿಯೊಲೊ, ಇಟಲಿಯ ಹೆಸರಾಂತ ಬರೋಲೊ ವೈನ್ ಮಾಡೋ ಅದೇ ದ್ರಾಕ್ಷಿ, ಇಲ್ಲಿ ಮಾತ್ರ ಅದನ್ನ ಕ್ಯಾವೆನ್ನಾಸ್ಕಾ ಅಂತಾರೆ. ತಡವಾಗಿ ಹಣ್ಣಾಗೋ ಹಠಮಾರಿ ತಳಿ, ಬಿಸಿಲು ಸ್ವಲ್ಪ ಕಡಿಮೆ ಆದ್ರೂ ಹುಳಿ ಹುಳಿಯಾಗಿ ಉಳ್ಕೊಳ್ಳುತ್ತೆ. ಅಷ್ಟು ಎತ್ತರದಲ್ಲಿ ಇದು ಹಣ್ಣಾಗೋದಕ್ಕೆ ಗೋಡೇನೂ ಒಂದು ಕಾರಣ. ಹಗಲೆಲ್ಲ ಕಾದ ಕಲ್ಲು ರಾತ್ರಿ ಆ ಬಿಸೀನ ನಿಧಾನಕ್ಕೆ ಬಿಡುತ್ತೆ. ಮಳೆಗೆ ಒಂದು ವಾರ ಮುಂಚೆ, ಸೂರ್ಯ ಮುಳುಗಿ ಗಂಟೆ ಆದ್ಮೇಲೆ ಅದೇ ಗೋಡೆ ಮೇಲೆ ಕೈ ಇಟ್ಟಿದ್ದೆ, ಒಲೆ ಆರಿಸಿದ ಮೇಲೆ ಅಡುಗೆಮನೆ ಕಟ್ಟೆ ಬೆಚ್ಚಗಿರುತ್ತಲ್ಲ, ಹಾಗಿತ್ತು.

ಈಗ ಲೆಕ್ಕ ನೋಡಿ. ಈ ಕಣಿವೇಲಿ ಒಟ್ಟು ದ್ರಾಕ್ಷಿ ತೋಟ ಇರೋದು ಸುಮಾರು 850 ಹೆಕ್ಟೇರ್. ಅದನ್ನ ಹಿಡಿದಿಟ್ಟಿರೋ ಗೋಡೆಗಳ ಉದ್ದ ಸುಮಾರು 2,500 ಕಿಲೋಮೀಟರ್ ಅಂತ ಅಲ್ಲಿ ಎಲ್ರೂ ಹೇಳೋ ಲೆಕ್ಕ. ಭಾಗಿಸಿ ನೋಡಿದ್ರೆ ಹೆಕ್ಟೇರಿಗೆ ಹೆಚ್ಚುಕಮ್ಮಿ 3 ಕಿಲೋಮೀಟರ್ ಗೋಡೆ. ವಾಲ್ತೆಲ್ಲಿನಾ ಸುಪೆರಿಯೋರೆ ಅನ್ನೋ ಮೇಲ್ದರ್ಜೆಯ ವೈನಿಗೆ ನಿಯಮದ ಪ್ರಕಾರ ಹೆಕ್ಟೇರಿಗೆ 8 ಟನ್ನಿಗಿಂತ ಜಾಸ್ತಿ ದ್ರಾಕ್ಷಿ ತೆಗೆಯೋ ಹಾಗಿಲ್ಲ, ಅಂದ್ರೆ ಎಷ್ಟೇ ಚೆನ್ನಾಗಿ ಬಂದ್ರೂ ಏಳೂವರೆ ಸಾವಿರ ಬಾಟಲಿ ಒಳಗೆ. 3,000 ಮೀಟರ್ ಗೋಡೇನ ಅಷ್ಟು ಬಾಟಲಿಗೆ ಹಂಚಿದ್ರೆ ಒಂದು ಬಾಟಲಿಗೆ 40 ಸೆಂಟಿಮೀಟರ್, ಬೆಳೆ ಸ್ವಲ್ಪ ಕಡಿಮೆ ಆದ ವರ್ಷ ಪೂರ್ತಿ ಒಂದು ಮೊಳ. ಲೆಕ್ಕ ನನ್ನದೇ, ಆದ್ರೆ ಒಂದ್ಸಲ ತಲೇಲಿ ಕೂತ ಮೇಲೆ ಬಿಟ್ಟು ಹೋಗ್ಲಿಲ್ಲ. ಒಂದು ಬಾಟಲಿ ತಗೊಂಡ್ರೆ ಒಂದು ಮೊಳ ಗೋಡೆ ಒಂದು ವರ್ಷ ನಿಲ್ಲೋಕೆ ದುಡ್ಡು ಕೊಟ್ಟ ಹಾಗೆ. ಆ ಯಜಮಾನರ ಅರ್ಧ ಎಕರೆಗೆ ಸರಾಸರಿ ಪ್ರಕಾರ 600 ಮೀಟರ್ ಗೋಡೆ ಬರುತ್ತೆ, ಅದರಲ್ಲಿ ಆರು ಮೀಟರ್ ಬಿದ್ದಿತ್ತು.

ಬಿದ್ದಿದ್ದು ಹೇಗೆ? ಇವು ಗಾರೆ ಸಿಮೆಂಟು ಏನೂ ಇಲ್ಲದ ಗೋಡೆಗಳು, ಅಲ್ಲಿನವರು ಒಣಗೋಡೆ ಅಂತಾನೇ ಕರೀತಾರೆ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ, ಹಿಂದೆ ಚಿಕ್ಕ ಕಲ್ಲಿನ ಒಂದು ಪದರ, ಅದರ ಹಿಂದೆ ಮಣ್ಣು. ಆ ಮಣ್ಣು ಕೂಡ ಹೆಚ್ಚಿನ ಕಡೆ ಅಲ್ಲೇ ಹುಟ್ಟಿದ್ದಲ್ಲ, ನದಿ ಬಯಲಿಂದ ಬೆನ್ನಿಗೆ ಜೆರ್ಲೊ ಅನ್ನೋ ಬುಟ್ಟಿ ಕಟ್ಕೊಂಡು ತಲೆಮಾರುಗಟ್ಟಲೆ ಹೊತ್ತು ತಂದು ತುಂಬಿದ್ದು, ಮಳೆಗೆ ಜಾರಿದ್ದನ್ನ ಮತ್ತೆ ಮೇಲಕ್ಕೆ ಹೊತ್ತಿದ್ದು. ಮರಳು ಮಿಶ್ರಿತ ತೆಳು ಮಣ್ಣು, ಕೆಳಗೆ ಬಂಡೆ. ಮಳೆ ನೀರು ಮಣ್ಣಲ್ಲಿ ಇಳಿದು ಬಂಡೆ ಮೇಲೆ ಜಾರಿ ಗೋಡೆ ಹಿಂದೆ ಬಂದು ಸೇರುತ್ತೆ, ಒಣಗೋಡೆಗೆ ಸಾವಿರ ಸಂದಿ ಇರೋದ್ರಿಂದ ಸೋಸಿ ಹೊರಗೆ ಹೋಗುತ್ತೆ, ಮಣ್ಣು ಒಳಗೇ ಉಳಿಯುತ್ತೆ. ಆದ್ರೆ ವರ್ಷಗಳು ಕಳೆದ ಹಾಗೆ ಹಿಂದಿನ ಚಿಕ್ಕ ಕಲ್ಲಿನ ಪದರದಲ್ಲಿ ಹುಡಿಮಣ್ಣು ಕಟ್ಕೊಳ್ಳುತ್ತೆ, ಬೇರು ನುಗ್ಗುತ್ತೆ, ನೀರಿಗೆ ದಾರಿ ಕಡಿಮೆ ಆಗುತ್ತೆ, ಆಗ ಗೋಡೆ ಮಧ್ಯದಲ್ಲಿ ಮುಂದಕ್ಕೆ ಉಬ್ಬುತ್ತೆ. ನಾವು ಗೋಡೆ ಹೊಟ್ಟೆ ಬಿಟ್ಟಿದೆ ಅಂತೀವಲ್ಲ, ಅವರೂ ಅದೇ ಅಂತಾರೆ, ಇಟಾಲಿಯನ್ನಲ್ಲೂ ಅದು ಹೊಟ್ಟೇನೇ. ಯಜಮಾನರು ಬಿದ್ದ ಜಾಗದ ಪಕ್ಕದ ಗೋಡೇನ ಅಂಗೈಯಲ್ಲಿ ಸವರಿ ತೋರಿಸಿದ್ರು, ದೂರದಿಂದ ನನಗೆ ನೆಟ್ಟಗೆ ಕಂಡಿದ್ದು ಕೈಗೆ ಸ್ಪಷ್ಟವಾಗಿ ಉಬ್ಬು ಸಿಕ್ತು. ಎರಡು ವರ್ಷದಿಂದ ಗೊತ್ತಿತ್ತಂತೆ ಅವರಿಗೆ. ಮಂಡಿ ನೋವು ಅಂತ ಮುಂದಕ್ಕೆ ಹಾಕ್ತಾ ಬಂದಿದ್ರು.

ಕಟ್ಟೋ ಕೆಲಸ ಎಷ್ಟು ಅಂತ ನೋಡಿದ್ವಿ. ಆಳೆತ್ತರದ ಗೋಡೆ, ಆರು ಮೀಟರ್ ಉದ್ದ, ಎರಡಡಿ ದಪ್ಪ ಅಂದ್ರೆ ಹತ್ತು ಟನ್ನಿಗೂ ಜಾಸ್ತಿ ಕಲ್ಲು. ಅಲ್ಲಿಗೆ ಗಾಡಿ ಹೋಗಲ್ಲ, ಟ್ರ್ಯಾಕ್ಟರ್ ಅಂತೂ ಇಲ್ವೇ ಇಲ್ಲ, ಒಂದಾಳು ನಡೆಯೋವಷ್ಟು ಕಲ್ಲಿನ ಮೆಟ್ಟಿಲಷ್ಟೇ ದಾರಿ. ಇಲ್ಲಿ ಒಂದು ಹೆಕ್ಟೇರ್ ತೋಟಕ್ಕೆ ವರ್ಷಕ್ಕೆ ಸಾವಿರ ಗಂಟೆಗೂ ಮೇಲೆ ಕೈಕೆಲಸ ಬೇಕು, ಬಯಲಲ್ಲಿ ಮಷಿನ್ ಓಡಿಸೋ ತೋಟಕ್ಕೆ ಅದರಲ್ಲಿ ಒಂದು ಸಣ್ಣ ಪಾಲು ಸಾಕು. ಇಂಥ ಕಡಿದಾದ ಜಾಗದ ಬೇಸಾಯಕ್ಕೆ ಇಟಲೀಲಿ ವೀರರ ದ್ರಾಕ್ಷಿ ಬೇಸಾಯ ಅಂತಾನೇ ಹೆಸರಿದೆ. ಹೆಸರು ಕೇಳೋಕೆ ಚೆನ್ನಾಗಿದೆ, ಆದ್ರೆ ಆ ವೀರರಲ್ಲಿ ಎಷ್ಟೋ ಜನರ ವಯಸ್ಸು ಈಗ ಎಪ್ಪತ್ತು ದಾಟಿದೆ ಅನ್ನೋದೇ ನನಗೆ ಸಂಕಟ.

ಮೂರು ದಾರಿ ಇತ್ತು. ಸಿಮೆಂಟ್ ಹಾಕಿ ಬೇಗ ಕಟ್ಟೋದು, ಮೊದಲಿದ್ದ ಹಾಗೇ ಒಣಗಲ್ಲಲ್ಲಿ ಕಟ್ಟೋದು, ಇಲ್ಲಾಂದ್ರೆ ಆ ಮೆಟ್ಟಿಲನ್ನ ಬಿಟ್ಬಿಡೋದು. ರಾತ್ರಿ ಊಟಕ್ಕೆ ಪಿಟ್ಸೊಕ್ಕೆರಿ ಮಾಡಿದ್ರು, ಕುಟ್ಟು (ಬಕ್‌ವೀಟ್) ಅನ್ನೋ ಧಾನ್ಯದ ಹಿಟ್ಟಿನ ಅಗಲದ ಶಾವಿಗೆ ಥರದ್ದು, ಆಲೂಗಡ್ಡೆ ಕೋಸು ಹಾಕಿ ಮೇಲೆ ಚೀಸು ಬೆಣ್ಣೆ ಸುರೀತಾರೆ, ಆ ತೆಲಿಯೊ ಊರಿನದ್ದೇ ಅಡುಗೆ ಅದು. ತಟ್ಟೆ ಮುಂದೆ ಗೆಳೆಯ ಮಾತು ತೆಗೆದ, ‘ಅಪ್ಪಾ, ಸಿಮೆಂಟ್ ಹಾಕ್ಸಿಬಿಡೋಣ, ಮೂರು ದಿನದ ಕೆಲಸ, ಆಮೇಲೆ ನಿಮಗೆ ತಲೆನೋವಿಲ್ಲ’ ಅಂತ. ಯಜಮಾನರು ಬೇಡ ಅಂದ್ರು. ‘ನೀರು ಎಲ್ಲಿಗೆ ಹೋಗ್ಬೇಕು ಮಗಾ’ ಅಂತ ಒಂದೇ ಪ್ರಶ್ನೆ. ಸಿಮೆಂಟ್ ಗೋಡೆ ನೀರು ಬಿಡಲ್ಲ, ಹಿಂದೆ ನೀರು ನಿಂತು ಭಾರ ಏರುತ್ತೆ, ಕೆಲವು ವರ್ಷ ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತೆ, ಬಿದ್ದಾಗ ಮಾತ್ರ ಇಡೀ ಗೋಡೆ ಒಂದೇ ತುಂಡಾಗಿ ಬರುತ್ತೆ. ಒಣಗೋಡೆ ಹಾಗಲ್ಲ, ಅದು ಹೊಟ್ಟೆ ಬಿಟ್ಟು ಮುಂಚೇನೇ ಹೇಳುತ್ತೆ, ಬಿದ್ರೂ ಆರು ಮೀಟರ್ ಬೀಳುತ್ತೆ, ಅದೇ ಕಲ್ಲನ್ನ ಮತ್ತೆ ಎತ್ತಿ ಇಡಬಹುದು. ನೀರು ಬಸಿಯೋಕೆ ಪೈಪ್ ಬಿಟ್ಟು ಸಿಮೆಂಟ್ ಕಟ್ಟಿದ್ರೆ ಆಗಲ್ವಾ ಅಂತ ನಾನೂ ಕೇಳಿದೆ, ಪೈಪ್ ಕಟ್ಕೊಂಡ್ರೆ ಅದನ್ನ ಬಿಡಿಸೋಕೆ ಗೋಡೆ ಒಡೀಬೇಕು ಅಂದ್ರು.

ಮೂರನೇ ದಾರಿ, ಬಿಟ್ಬಿಡೋದು. ಇದನ್ನ ಹೇಳೋವಾಗ ಯಜಮಾನರು ಹೆಂಡತಿ ಮುಖ ನೋಡಿದ್ರು, ಅವರು ಎದ್ದು ಒಳಗೆ ಹೋದ್ರು. ಕಾರಣ ಆಮೇಲೆ ಗೊತ್ತಾಯ್ತು. ತೋಟದ ಕೆಳಗೆ, ನದಿ ಹತ್ರ, ರಸ್ತೆ ಪಕ್ಕದಲ್ಲಿರೋ ಹಳ್ಳಿ ಹೆಸರು ತ್ರೆಸೆಂದಾ. 1983ರ ಮೇ ತಿಂಗಳಲ್ಲಿ ದಿನಗಟ್ಟಲೆ ಮಳೆ ಸುರಿದು ಇದೇ ಇಳಿಜಾರಿನ ಮೆಟ್ಟಿಲು ತೋಟಗಳ ಮಣ್ಣು ನೀರು ಕುಡಿದು ಕುಡಿದು ಕೊನೆಗೆ ಗೋಡೆ ಸಮೇತ ಜಾರಿ ಮನೆಗಳ ಮೇಲೆ ಬಂತು. ಆ ಭಾಗದಲ್ಲಿ 17 ಜನ ಸತ್ರು. ಬೆಟ್ಟ ಪೂರ್ತಿ ಕುಸಿದಿದ್ದಲ್ಲ, ಮೇಲ್ಪದರದ ಮಣ್ಣು ಮಾತ್ರ, ಆದ್ರೆ ಒಂದು ಮೆಟ್ಟಿಲು ಕೆಳಗಿನ ಮೆಟ್ಟಿಲ ಮೇಲೆ ಬಿದ್ದು ಅದನ್ನೂ ಎಳ್ಕೊಂಡು, ಅದು ಇನ್ನೊಂದನ್ನ ಎಳ್ಕೊಂಡು, ಕೆಳಗೆ ಬರೋ ಹೊತ್ತಿಗೆ ಕೆಸರಿನ ಪ್ರವಾಹ. ನಾಲ್ಕು ವರ್ಷ ಆದ್ಮೇಲೆ 1987ರ ಜುಲೈನಲ್ಲಿ ಇಡೀ ಕಣಿವೆಗೆ ಇನ್ನೂ ದೊಡ್ಡ ಅನಾಹುತ ಆಯ್ತು, ಪ್ರವಾಹ, ಆಮೇಲೆ ಬೋರ್ಮಿಯೊ ಕಡೆ ವಾಲ್ ಪೋಲಾದಲ್ಲಿ ಬೆಟ್ಟದ ಪಾರ್ಶ್ವವೇ ಕುಸಿದಿದ್ದು, ಒಟ್ಟು 53 ಜನ. ವಾಲ್ ಪೋಲಾದ್ದು ಬಂಡೆ ಕುಸಿತ, ತೋಟದ ಗೋಡೆಗೂ ಅದಕ್ಕೂ ಸಂಬಂಧ ಇಲ್ಲ, ಹೊರಗಿನವರು ಎರಡನ್ನೂ ಒಂದೇ ಅಂತ ಅಂದ್ಕೋತಾರೆ. ತೆಲಿಯೊದವರಿಗೆ ಮಾತ್ರ 1983 ಬೇರೆ, ಅದು ಅವರ ತಲೆ ಮೇಲಿನ ತೋಟದಿಂದ ಬಂದಿದ್ದು.

ಈ ಭಾಗದ ವೈನಿಗೆ ವಾಲ್ಜೆಲ್ಲಾ ಅಂತ ಹೆಸರು. ಬೆಟ್ಟದಿಂದ ಇಳಿಯೋ ಸಣ್ಣ ಸಣ್ಣ ತೊರೆಗಳಿಗೆ ಅಲ್ಲಿನ ಆಡುಮಾತಲ್ಲಿ ಇರೋ ಹೆಸರಿಂದಾನೇ ಅದು ಬಂದಿರೋದು. ಬಾಟಲಿ ಮೇಲೆ ಬರೆದಿರೋ ಹೆಸರೇ ನೀರಿನ ಹೆಸರು.

ಹಾಗಾದ್ರೆ ಬಿಟ್ಟು ಹೋಗಿರೋ ಮೆಟ್ಟಿಲುಗಳು ಇಲ್ವಾ? ತುಂಬಾ ಇವೆ. ಯಜಮಾನರ ತೋಟದ ಮೇಲೆ ಮೂರು ಮೆಟ್ಟಿಲು ಆಚೆಗೆ ಪೂರ್ತಿ ಕಾಡು, ಮುಳ್ಳುಪೊದೆ, ಅಕೇಸಿಯಾ ಥರದ ಮರ, ಒಳಗೆ ಹೊಕ್ಕು ನೋಡಿದ್ರೆ ಹಳೇ ಗೋಡೆ ಹಾಗೇ ಇದೆ, ಬೇರು ಕಲ್ಲುಗಳನ್ನ ಒಂದೊಂದಾಗಿ ಬಿಡಿಸ್ತಾ ಇದೆ. ಆ ಜಾಗದವರು ಯಾವಾಗ್ಲೋ ಊರು ಬಿಟ್ಟಿದ್ದಾರೆ. ಯಾಕೆ ಬಿಟ್ರು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1512ರಿಂದ 1797ರ ತನಕ ಈ ಕಣಿವೆ ಈಗಿನ ಸ್ವಿಟ್ಜರ್ಲೆಂಡಿನ ಗ್ರೌಬ್ಯೂಂಡನ್ ಸೀಮೆಯವರ ಆಳ್ವಿಕೇಲಿತ್ತು, ವೈನು ಬೆಟ್ಟದ ಕಣಿವೆದಾರಿಗಳಲ್ಲಿ ಪ್ರಾಣಿಗಳ ಬೆನ್ನೇರಿ ಉತ್ತರಕ್ಕೆ ಹೋಗ್ತಿತ್ತು. ನೆಪೋಲಿಯನ್ ಬಂದು ಗಡಿ ಬದಲಾದ್ರೂ ಗಿರಾಕಿ ಬದಲಾಗ್ಲಿಲ್ಲ, 1910ರಲ್ಲಿ ಸ್ವಿಟ್ಜರ್ಲೆಂಡಿಂದ ಇದೇ ಕಣಿವೆಯ ತಿರಾನೊ ಊರಿನ ತನಕ ಬೆರ್ನಿನಾ ರೈಲುದಾರಿ ಪೂರ್ತಿ ಆದ್ಮೇಲೆ ಇನ್ನೂ ಸುಲಭ ಆಯ್ತು. ಪೀಪಾಯಿ ಲೆಕ್ಕದಲ್ಲಿ ಹೋಗಿ ಅಲ್ಲಿ ವೆಲ್ಟ್‌ಲಿನರ್ ಅಂತ ಮಾರಾಟ ಆಗ್ತಿತ್ತು. ಗಿರಾಕಿ ಗ್ಯಾರಂಟಿ ಇದ್ದಿದ್ದು ಒಳ್ಳೇದೇ, ಆದ್ರೆ ಸಗಟು ರೇಟಲ್ಲಿ ಹೋಗೋ ವೈನು ಗೋಡೆ ಖರ್ಚು ಹೊರಲ್ಲ. ಇತ್ತ ಅಪ್ಪನ ಆಸ್ತಿ ಮಕ್ಕಳಿಗೆ ಪಾಲಾಗಿ ಪಾಲಾಗಿ ಒಬ್ಬೊಬ್ಬರಿಗೆ ನಾಲ್ಕು ಮೆಟ್ಟಿಲು ಇಲ್ಲಿ, ಎರಡು ಮೆಟ್ಟಿಲು ಅಲ್ಲಿ, ಇದು ನಮ್ಮ ಊರಿನವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಗಡಿ ಆಚೆ ಸ್ವಿಸ್ ಸಂಬಳ, ಈಚೆ ಮಿಲಾನ್ ಸಂಬಳ, ಮಧ್ಯದಲ್ಲಿ ಹೊಟ್ಟೆ ಬಿಟ್ಟ ಗೋಡೆ. ಹೋದವರನ್ನ ನಾನು ತಪ್ಪು ಅನ್ನಲ್ಲ. ಮೊದಲು ಪಾಳು ಬೀಳೋದು ಎಲ್ಲಕ್ಕಿಂತ ಮೇಲಿನ, ಕಡಿದಾದ, ಬೆಳೆ ತಡವಾಗೋ ಮೆಟ್ಟಿಲು, ಅದು ಬಿದ್ರೆ ಬೀಳೋದು ಕೆಳಗೆ ಇನ್ನೂ ಬೇಸಾಯ ಮಾಡ್ತಿರೋರ ಮೇಲೆ. ಈಗ ಹವಾಮಾನ ಬಿಸಿಯಾಗ್ತಿರೋದ್ರಿಂದ ಆ ಮೇಲಿನ ಜಾಗಗಳಲ್ಲೇ ದ್ರಾಕ್ಷಿ ಹದವಾಗಿ ಹಣ್ಣಾಗೋ ಕಾಲ ಬರ್ತಿದೆ, ಅಷ್ಟೊತ್ತಿಗೆ ಅವೇ ಕಾಡಾಗಿವೆ. ಇದು ನನಗೆ ತುಂಬಾ ನೋವಾದ ವಿಷಯ.

ದುಡ್ಡು ಎಲ್ಲಿಂದ ಬರಬೇಕು? ವೈನಿನ ಬೆಲೆಯಿಂದಲೇ ಬರಬೇಕು, ಬೇರೆ ದಾರಿ ನನಗೆ ಕಾಣಲ್ಲ. ಇಲ್ಲಿನ ವೈನಿಗೆ 1968ರಲ್ಲಿ ಮೂಲಸ್ಥಾನದ ಮಾನ್ಯತೆ ಸಿಕ್ತು, 1998ರಲ್ಲಿ ಸುಪೆರಿಯೋರೆಗೆ ಇಟಲಿಯ ಅತಿ ಮೇಲಿನ ದರ್ಜೆ. ಅದರಲ್ಲಿ ಕನಿಷ್ಠ 90 ಪರ್ಸೆಂಟ್ ನೆಬ್ಬಿಯೊಲೊ ಇರಬೇಕು, 24 ತಿಂಗಳು ಮಾಗಬೇಕು, ಅದರಲ್ಲಿ 12 ತಿಂಗಳು ಮರದ ಪೀಪಾಯೀಲಿ. ಐದು ಜಾಗದ ಹೆಸರುಗಳು ಬಾಟಲಿ ಮೇಲೆ ಬರಬಹುದು, ಮರೊಜ್ಜಾ, ಸಸ್ಸೆಲ್ಲಾ, ಗ್ರುಮೆಲ್ಲೊ, ಇನ್ಫೆರ್ನೊ, ವಾಲ್ಜೆಲ್ಲಾ. ಇನ್ಫೆರ್ನೊ ಅಂದ್ರೆ ನರಕ, ಬೇಸಿಗೇಲಿ ಆ ಬಂಡೆ ಮಧ್ಯೆ ಕೆಲಸ ಮಾಡಿದವರು ಇಟ್ಟ ಹೆಸರು. ಇಲ್ಲಿನ ಇನ್ನೊಂದು ವೈನು ಸ್ಫೊರ್ಜಾತೊ, ಇದಕ್ಕೆ 2003ರಲ್ಲಿ ಅದೇ ದರ್ಜೆ ಸಿಕ್ತು. ಆರಿಸಿದ ಗೊಂಚಲುಗಳನ್ನ ಗಾಳಿ ಆಡೋ ಅಟ್ಟದಲ್ಲಿ ಒಂದೇ ಪದರವಾಗಿ ಹರಡಿ ಡಿಸೆಂಬರ್ ತನಕ ಒಣಗಿಸ್ತಾರೆ, ಮೂರನೇ ಒಂದು ಭಾಗ ತೂಕ ಹೋಗುತ್ತೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಉಳಿದ ರಸ ಗಟ್ಟಿ, ಆಲ್ಕೋಹಾಲ್ 14 ಪರ್ಸೆಂಟಿಗೆ ಕಡಿಮೆ ಇರೋ ಹಾಗಿಲ್ಲ, ಆದ್ರೂ ಸಿಹಿ ಅಲ್ಲ. ಮಾರ್ಕೆಟ್ಟಲ್ಲಿ ಜಾಸ್ತಿ ಬೆಲೆ ಇದಕ್ಕೇ, ಎಷ್ಟೋ ಗೋಡೆಗಳನ್ನ ಇದೇ ನಿಲ್ಲಿಸಿದೆ. ನನ್ನ ಮನಸ್ಸು ಮಾತ್ರ ಸುಪೆರಿಯೋರೆ ಕಡೆಗೇ. ಬಣ್ಣ ತೆಳು, ಗ್ಲಾಸಿನ ಆಚೆ ಬೆರಳು ಕಾಣುತ್ತೆ, ಒಣ ಗುಲಾಬಿ ಎಸಳಿನ ವಾಸನೆ, ಹುಳಿ ಚುರುಕು, ಕೊನೇಲಿ ಒಗರು, ಬಾಯಲ್ಲಿ ಮಳೆ ಬಿದ್ದ ಕಲ್ಲಿನ ನೆನಪು. ಒಣಗಿಸಿದಾಗ ದ್ರಾಕ್ಷಿ ಜೋರಾಗಿ ಮಾತಾಡುತ್ತೆ, ಜಾಗ ಹಿಂದೆ ಸರಿಯುತ್ತೆ.

ತಾಳ್ಮೆಗೆ ಬೆಲೆ ಸಿಗುತ್ತೆ ಅಂತ ತೋರಿಸಿದವರಲ್ಲಿ ಅರ್ತೂರೊ ಪೆಲಿಜ್ಜಾತ್ತಿ ಪೆರೆಗೊ ಅವರನ್ನ ನೆನೆಯಲೇಬೇಕು. ಮನೆತನದ ಹಳೇ ಕಂಪನಿ 1973ರಲ್ಲಿ ಹೆಸರಿನ ಸಮೇತ ಬೇರೆಯವರ ಪಾಲಾಗಿತ್ತು, ತೋಟ ಉಳಿದಿತ್ತು. 1984ರಲ್ಲಿ ಅವರು ತಮ್ಮ ಹೆಸರಿನ ಮೊದಲ ಅಕ್ಷರಗಳನ್ನ ಸೇರಿಸಿ ಅರ್ಪೆಪೆ ಅಂತ ಮತ್ತೆ ಶುರು ಮಾಡಿದ್ರು, ದೊಡ್ಡ ಹಳೇ ಪೀಪಾಯಿ, ವರ್ಷಗಟ್ಟಲೆ ಕಾಯೋದು, ಅವಸರ ಇಲ್ಲ. ಈಗ ಮಕ್ಕಳು ನಡೆಸ್ತಿದ್ದಾರೆ, ಆ ಬಾಟಲಿಗಳನ್ನ ಲೋಕದ ಬೇರೆ ಬೇರೆ ಕಡೆಯಿಂದ ಹುಡುಕ್ಕೊಂಡು ಬಂದು ಕೊಂಡುಕೊಳ್ತಾರೆ. ಯಜಮಾನರಂಥ ಸಣ್ಣವರು ವೈನ್ ಮಾಡಲ್ಲ, ದ್ರಾಕ್ಷೀನ ದೊಡ್ಡ ವೈನರಿಗೆ ಕೊಡ್ತಾರೆ. ಆದ್ರೆ ಮೇಲೆ ಬಾಟಲಿಗೆ ಒಳ್ಳೇ ಬೆಲೆ ಬಂದ್ರೇನೇ ಕೆಳಗೆ ಕಿಲೋಗೆ ಒಳ್ಳೇ ಬೆಲೆ ಬರೋದು.

ಕೊಯ್ಲಿಗೆ ಕೆಲವರು ಹೆಲಿಕಾಪ್ಟರ್ ತರಿಸ್ತಾರೆ, ಕ್ರೇಟುಗಳನ್ನ ಹಗ್ಗಕ್ಕೆ ಕಟ್ಟಿ ಎರಡು ನಿಮಿಷದಲ್ಲಿ ಕೆಳಗಿಳಿಸುತ್ತೆ, ಕೆಲವು ಕಡೆ ಒಂಟಿ ಹಳಿಯ ಪುಟ್ಟ ಗಾಡಿ ಇದೆ. ಹೊರೋ ಕಷ್ಟ ಅದರಿಂದ ನಿಜವಾಗ್ಲೂ ಕಡಿಮೆ ಆಗಿದೆ. ಕಲ್ಲು ಇಡೋಕೆ ಮಾತ್ರ ಇನ್ನೂ ಕೈಯೇ ಬೇಕು. 2018ರಲ್ಲಿ ಯುನೆಸ್ಕೊ ಒಣಗೋಡೆ ಕಟ್ಟೋ ಕಲೆಯನ್ನ ಇಟಲಿ ಸೇರಿ ಎಂಟು ದೇಶಗಳ ಪರಂಪರೆ ಅಂತ ಪಟ್ಟಿಗೆ ಸೇರಿಸ್ತು. ಗೋಡೆಯನ್ನಲ್ಲ, ಕಟ್ಟೋ ಕಲೆಯನ್ನ, ಅದು ಸರಿಯಾದ ನಿರ್ಧಾರ ಅಂತ ನನಗೆ ಅನ್ನಿಸುತ್ತೆ, ಯಾಕಂದ್ರೆ ಕಟ್ಟೋರು ಇಲ್ಲದಿದ್ರೆ ಯಾವ ಗೋಡೇನೂ ಉಳಿಯಲ್ಲ.

ಕೊನೆಗೆ ಅವರು ಒಣಗಲ್ಲಲ್ಲೇ ಕಟ್ಟೋದು ಅಂತ ತೀರ್ಮಾನ ಮಾಡಿದ್ರು. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿರುತ್ತೆ ಅಂತ ಮಾರ್ಚ್ ತನಕ ಕಾದು, ಪಕ್ಕದ ಊರಿನ ಒಬ್ಬ ಕಲ್ಲುಕೆಲಸದ ಹುಡುಗನ್ನ ಕರೆಸಿದ್ರು, ಇನ್ನೂ ಮೂವತ್ತು ದಾಟಿರ್ಲಿಲ್ಲ ಅವನಿಗೆ. ಹುಡುಗ ಮತ್ತೆ ನನ್ನ ಗೆಳೆಯ ಸೇರಿ ಎಂಟು ದಿನ, ನಾನು ಹೋಗಿದ್ದು ಕೊನೇ ಎರಡು ದಿನ. ಮೊದಲು ಬಿದ್ದ ಕಲ್ಲನ್ನೆಲ್ಲ ದೊಡ್ಡದು, ನಡುವಿನದ್ದು, ಚಕ್ಕೆ ಅಂತ ಬೇರೆ ಬೇರೆ ರಾಶಿ ಮಾಡಿದ್ರಂತೆ, ಸಡಿಲ ಮಣ್ಣು ಕೆರೆದು ಗಟ್ಟಿ ನೆಲ ಸಿಗೋ ತನಕ ತಳಪಾಯ ತೋಡಿ ಅತಿ ದೊಡ್ಡ ಕಲ್ಲುಗಳನ್ನ ಸ್ವಲ್ಪ ಒಳಮುಖಕ್ಕೆ ವಾಲಿಸಿ ಕೂರಿಸಿದ್ರಂತೆ. ನಾನು ನೋಡಿದ್ದು ಅದರ ಮೇಲಿನ ಸಾಲುಗಳು. ದಾರ ಕಟ್ಟಿ, ಕಲ್ಲಿನ ಉದ್ದದ ಕಡೆ ಬೆಟ್ಟದ ಒಳಕ್ಕೆ ಹೋಗೋ ಹಾಗೆ ಇಟ್ಟು, ಮೇಲಿನ ಸಂದಿ ಕೆಳಗಿನ ಸಂದಿ ಮೇಲೆ ಬರದ ಹಾಗೆ ನೋಡ್ಕೊಂಡು, ಒಂದೊಂದು ಕಲ್ಲು ಇಟ್ಮೇಲೂ ಕೈಯಲ್ಲಿ ಅಲ್ಲಾಡಿಸಿ ನೋಡೋದು, ಅಲ್ಲಾಡಿದ್ರೆ ಹಿಂದಿನಿಂದ ಚಕ್ಕೆ ಹೊಡೆಯೋದು, ಮುಂದಿನಿಂದ ಹೊಡೆದ್ರೆ ಮಳೆಗೆ ಉದುರಿ ಹೋಗುತ್ತೆ ಅಂತ ಹುಡುಗ ನನ್ನ ಕೈ ಹಿಡಿದು ತಡೆದ. ಯಜಮಾನರು ಮೇಲಿನ ಮೆಟ್ಟಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು, ಯಾವ ಕಲ್ಲು ಎಲ್ಲಿಗೆ ಅಂತ ಕೋಲಲ್ಲಿ ತೋರಿಸ್ತಾ ಇದ್ರು, ಹುಡುಗ ಒಂದ್ಸಲಾನೂ ಬೇಜಾರು ಮಾಡ್ಕೊಳ್ಳಲಿಲ್ಲ.

ಮೂರು ಬಳ್ಳೀಲಿ ಒಂದು ಉಳೀತು. ಉಳಿದ ಎರಡರ ಜಾಗಕ್ಕೆ ಸಸಿ ಹಾಕಿದ್ದಾರೆ, ಫಲ ಬರೋಕೆ ಮೂರು ನಾಲ್ಕು ವರ್ಷ ಬೇಕು. ಹೊಸದಾಗಿ ಕಟ್ಟಿದ ಆರು ಮೀಟರ್ ದೂರದಿಂದಾನೇ ಗೊತ್ತಾಗುತ್ತೆ, ಹಳೇ ಗೋಡೆ ಮೇಲೆ ಕಪ್ಪು ಹಸಿರು ಕಲ್ಲುಹೂವು, ಇದು ಮಾತ್ರ ಬೂದು ಬೂದು, ಎಷ್ಟೋ ವರ್ಷ ಮಣ್ಣೊಳಗಿದ್ದ ಮುಖಗಳು ಹೊರಗೆ ಬಂದಿವೆ.

ಮೇ ತಿಂಗಳಲ್ಲಿ ಮತ್ತೆ ದೊಡ್ಡ ಮಳೆ ಬಂತು, ಎರಡು ರಾತ್ರಿ. ಗೆಳೆಯ ಬೆಳಿಗ್ಗೆ ಬೆಳಿಗ್ಗೆ ಒಂದು ವಿಡಿಯೋ ಕಳಿಸ್ದ. ಹೊಸ ಗೋಡೆಯ ಕೆಳಗಿನ ಸಂದಿಗಳಿಂದ ನೀರು ಬರ್ತಿದೆ, ಹತ್ತು ಹನ್ನೆರಡು ಕಡೆಯಿಂದ, ಸಣ್ಣ ಸಣ್ಣ ಧಾರೆ. ಯಜಮಾನರ ಕೈ ಕಾಣುತ್ತೆ, ಒಂದು ಗಾಜಿನ ಲೋಟ ಹಿಡಿದು ಆ ನೀರು ತುಂಬಿಸಿ ಬೆಳಕಿಗೆ ಎತ್ತಿ ಹಿಡೀತಾರೆ, ಮಣ್ಣು ಬರ್ತಿದ್ರೆ ಕದಡಿರಬೇಕಿತ್ತು. ನೀರು ತಿಳಿಯಾಗಿತ್ತು.